ಕುತ್ತಿಗೆಗೆ ಕರೆಂಟ್ ಕೊಡ್ಸಿದ್ರೆ ಸಾಕಾ? ಟೆನ್ಸ್ ಮತ್ತೆ ಎಕ್ಸರ್‌ಸೈಸ್ ಜೋಡಿಯ ಹಿಂದಿನ ಕಥೆ

ಬೆಂಗಳೂರಲ್ಲಿ ಯಾವ ಏರಿಯಾದ ಫಿಸಿಯೋ ಕ್ಲಿನಿಕ್‌ಗೆ ಹೋದ್ರೂ ಸೀನ್ ಹೆಚ್ಚುಕಡಿಮೆ ಒಂದೇ. ಬೋರಲು ಮಲಗಿಸ್ತಾರೆ, ಕುತ್ತಿಗೆ ಹಿಂದೆ ಭುಜದ ಮೇಲೆ ಪ್ಯಾಡ್ ಅಂಟಿಸ್ತಾರೆ, ಟೆನ್ಸ್ ಥರದ, ಚರ್ಮದ ಮೇಲಿಂದ ಸಣ್ಣ ಕರೆಂಟ್ ಕೊಡೋ ಮೆಷಿನ್ ಆನ್ ಮಾಡಿ "ಜುಮ್ ಅಂತಿದ್ಯಾ, ಜಾಸ್ತಿ ಮಾಡ್ಲಾ" ಅಂತ ಕೇಳಿ ಕರ್ಟನ್ ಎಳ್ಕೊಂಡು ಹೋಗ್ತಾರೆ. 15-20 ನಿಮಿಷ ಆದ್ಮೇಲೆ ಪ್ಯಾಡ್ ಕಿತ್ತು, ಎಕ್ಸರ್‌ಸೈಸ್ ಚಿತ್ರ ಇರೋ ಒಂದು ಜೆರಾಕ್ಸ್ ಹಾಳೆ ಕೈಗೆ ಕೊಟ್ಟು "ಮನೇಲಿ ಮಾಡಿ" ಅಂತಾರೆ. ಆ ಹಾಳೆ ಏನಾಗತ್ತೆ ಅಂತ ಎಲ್ರಿಗೂ ಗೊತ್ತು. ಕರೆಂಟ್ ಒಂದು ಕಡೆ, ಕಸರತ್ತು ಇನ್ನೊಂದು ಕಡೆ ಅಂತ ಎರಡೂ ಹೀಗೆ ಬೇರೆಬೇರೆ ಆಗಿದ್ದು ಹೇಗೆ, ಈಗ ಯಾಕೆ ಎರಡನ್ನೂ ಒಟ್ಟಿಗೆ ಮಾಡ್ಸಿ ಅನ್ನೋ ಮಾತು ಬರ್ತಿದೆ ಅನ್ನೋದಕ್ಕೆ ಸ್ವಲ್ಪ ಹಿಂದೆ ಹೋಗ್ಬೇಕು.

ಸ್ವಲ್ಪ ಅಲ್ಲ, ಸುಮಾರು ಎರಡು ಸಾವಿರ ವರ್ಷ. ಕ್ರಿ.ಶ. 47ರ ಆಸುಪಾಸಲ್ಲಿ ರೋಮ್‌ನ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್, ಕಾಲಿನ ಕೀಲು ಊದಿ ನೋಯೋ ಗೌಟ್‌ಗೆ ಒಂದು ಮದ್ದು ಬರೆದಿಟ್ಟಿದ್ದಾನೆ: ಸಮುದ್ರದ ದಡದಲ್ಲಿ ಜೀವಂತ ಟಾರ್ಪಿಡೋ ಮೀನಿನ ಮೇಲೆ ಕಾಲಿಟ್ಟು ಮೊಣಕಾಲವರೆಗೂ ಜೋಮು ಹಿಡಿಯೋ ತನಕ ನಿಂತ್ಕೋಬೇಕು. ತಲೆನೋವಿಗೂ ಅದೇ ಮೀನು. ಶಾಕ್ ಹೊಡೆಯೋ ಮೀನು ಅದು, ಆದ್ರೆ ವಿದ್ಯುತ್ ಅಂದ್ರೇನು ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ಆಮೇಲೆ 1790ರ ಸುಮಾರಿಗೆ ಕರೆಂಟಿಗೆ ಅದುರಿದ ಗಾಲ್ವಾನಿಯ ಕಪ್ಪೆ ಕಾಲು, 1800ರಲ್ಲಿ ವೋಲ್ಟಾನ ಬ್ಯಾಟರಿ, ಅಲ್ಲಿಂದ ಮುಂದೆ 19ನೇ ಶತಮಾನದ ದ್ವಿತೀಯಾರ್ಧದಲ್ಲಿ ಎಲೆಕ್ಟ್ರಿಕ್ ಬೆಲ್ಟ್ ಮಾರೋರ ಸುಗ್ಗಿ. ನಿಶ್ಶಕ್ತಿ, ಬೆನ್ನುನೋವು, ಗಂಡಸುತನ ಎಲ್ಲಕ್ಕೂ ಒಂದೇ ಬೆಲ್ಟ್. ಹಾಗಾಗಿ 20ನೇ ಶತಮಾನದಲ್ಲಿ ವೈದ್ಯಕೀಯ ಶಿಕ್ಷಣ ಬಿಗಿಯಾದಾಗ ಕರೆಂಟ್ ಚಿಕಿತ್ಸೆ ಅಂದ್ರೆ ಡಾಕ್ಟರ್‌ಗಳು ಮೂಗು ಮುರಿಯೋ ಹಾಗಾಯ್ತು, ಅದ್ರಲ್ಲಿ ಅವರ ತಪ್ಪೇನೂ ಇಲ್ಲ ಬಿಡಿ.

ಮರ್ಯಾದೆ ವಾಪಸ್ ಬಂದಿದ್ದು 1965ರಲ್ಲಿ. ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಅನ್ನೋ ಇಬ್ರು ನೋವಿನ ಸಂಶೋಧಕರು 'ಸೈನ್ಸ್' ಪತ್ರಿಕೇಲಿ ಗೇಟ್ ಕಂಟ್ರೋಲ್ ಥಿಯರಿ ಮಂಡಿಸಿದ್ರು. ಮೊಣಕೈ ಬಾಗಿಲಿಗೆ ಬಡಿದಾಗ ತಕ್ಷಣ ಆ ಜಾಗ ಉಜ್ಜಿಕೊಳ್ತೀವಲ್ಲ, ಉಜ್ಜಿದ್ರೆ ನೋವು ಕಮ್ಮಿ ಆಗತ್ತಲ್ಲ, ಅದು ಯಾಕೆ ಅನ್ನೋದಕ್ಕೆ ಈ ಥಿಯರಿ ಉತ್ತರ ಕೊಡತ್ತೆ. ಸ್ಪರ್ಶದ ಸುದ್ದಿ ಹೊರೋ ದಪ್ಪ ನರದ ಎಳೆಗಳು ಚುರುಕಾದ್ರೆ, ಬೆನ್ನುಹುರಿಯಲ್ಲಿ ನೋವಿನ ಸುದ್ದಿ ತರೋ ಸಣ್ಣ ಎಳೆಗಳ ದಾರಿ ಅರ್ಧ ಮುಚ್ಚಿಹೋಗತ್ತೆ. ಥಿಯರಿಯ ಎಲ್ಲಾ ವಿವರಗಳೂ ನಿಂತಿಲ್ಲ, ಆದ್ರೆ ನೋವು ಮೆದುಳಿಗೆ ಹೋಗೋ ದಾರೀಲೇ ಅದನ್ನ ಹೆಚ್ಚುಕಮ್ಮಿ ಮಾಡಬಹುದು ಅನ್ನೋ ಮೂಲ ಮಾತು ನಿಂತಿದೆ.

1967ರಲ್ಲಿ ವಾಲ್, ನ್ಯೂರೋಸರ್ಜನ್ ವಿಲಿಯಂ ಸ್ವೀಟ್ ಜೊತೆ ಸೇರಿ ಇದನ್ನ ಮನುಷ್ಯರ ಮೇಲೆ ನೋಡಿದ್ರು. ಮೊದಲು ತಮ್ಮ ಮುಖದ ನರಕ್ಕೇ ಕರೆಂಟ್ ಕೊಟ್ಕೊಂಡು ನೋಡಿ, ಆಮೇಲೆ 8 ಜನ ರೋಗಿಗಳಿಗೆ ಸೆಕೆಂಡಿಗೆ 100 ಸಲದ ಹಾಗೆ ಸಣ್ಣ ಸಣ್ಣ ಮಿಡಿತ ಕೊಟ್ರು. ಅದ್ರಲ್ಲಿ 4 ಜನಕ್ಕೆ ಬರೀ 2 ನಿಮಿಷದ ಕರೆಂಟಿಗೆ ಅರ್ಧ ಗಂಟೆಗಿಂತ ಜಾಸ್ತಿ ನೋವು ಕಮ್ಮಿ ಆಯ್ತು. ಅದೇ ವರ್ಷ ಅಮೆರಿಕದ ನಾರ್ಮನ್ ಶೀಲಿ ಬೆನ್ನುಹುರಿಯ ಹಿಂಭಾಗಕ್ಕೇ ಸ್ಟಿಮ್ಯುಲೇಟರ್ ಕೂರಿಸೋ ಆಪರೇಷನ್ ಶುರು ಮಾಡಿದ್ರು. ಆಪರೇಷನ್ ಯಾರಿಗೆ ಹಿಡಿಸತ್ತೆ ಅಂತ ಮೊದಲೇ ತಿಳ್ಕೊಳ್ಳೋಕೆ ಚರ್ಮದ ಮೇಲಿಂದ ಕರೆಂಟ್ ಕೊಟ್ಟು ನೋಡ್ತಿದ್ರು, ನೋಡಿದ್ರೆ ಎಷ್ಟೋ ಜನಕ್ಕೆ ಅಷ್ಟರಲ್ಲೇ ಆರಾಮ. ಹೀಗೆ ಟೆಸ್ಟಿಗೆ ಅಂತ ಬಂದ ಡಬ್ಬ 1970ರ ದಶಕದಲ್ಲಿ ತಾನೇ ಚಿಕಿತ್ಸೆ ಆಗಿ ಕೂತ್ಕೊಳ್ತು. ಟೆನ್ಸ್ ಅನ್ನೋದು ಇದೇ. ನಮ್ಮ ಕ್ಲಿನಿಕ್‌ಗಳಲ್ಲಿ ಜಾಸ್ತಿ ಕಾಣೋ ಐಎಫ್‌ಟಿ ಇದರ ದಾಯಾದಿ, ಎರಡು ಕರೆಂಟ್ ಒಳಗೆ ಒಂದನ್ನೊಂದು ದಾಟೋ ಹಾಗೆ ಕೊಡೋ ಪದ್ಧತಿ.

ಇಲ್ಲಿ ಒಂದು ವಿಷಯ ಗಮನಿಸಿ. ಟೆನ್ಸ್ ಹುಟ್ಟಿದ್ದೇ ನೋವಿನ ಸುದ್ದಿ ತಡೆಯೋಕೆ, ಹಾಗಾಗಿ ಮಲಗಿಸಿ ಕರೆಂಟ್ ಕೊಟ್ಟು ಎದ್ದಮೇಲೆ ನೋವು ಎಷ್ಟು ಅಂತ ಕೇಳೋದೇ ಅದರ ಪರೀಕ್ಷೆ ಆಯ್ತು. ಕುತ್ತಿಗೆಯ ಸ್ನಾಯು ಗಟ್ಟಿ ಮಾಡೋ ಕೆಲಸ ಅದರದ್ದಲ್ಲ, ಯಾವತ್ತೂ ಆಗಿರಲಿಲ್ಲ.

ಟೆನ್ಸ್, ಎಕ್ಸರ್‌ಸೈಸ್ ಎರಡನ್ನೂ ಸೇರಿಸಿ ದೊಡ್ಡದಾಗಿ ನೋಡಿದ ಟ್ರಯಲ್ ಬಂದಿದ್ದು 1990ರಲ್ಲಿ, ಕುತ್ತಿಗೆಗಲ್ಲ, ಸೊಂಟಕ್ಕೆ. ಅಮೆರಿಕದ ರಿಚರ್ಡ್ ಡೇಯೋ ತಂಡ 145 ಜನ ದೀರ್ಘಕಾಲದ ಸೊಂಟನೋವಿನವರನ್ನ ತಗೊಂಡು ಕೆಲವರಿಗೆ ನಿಜವಾದ ಟೆನ್ಸ್, ಕೆಲವರಿಗೆ ಕರೆಂಟೇ ಬರದ ಡಮ್ಮಿ, ಎರಡರಲ್ಲೂ ಅರ್ಧ ಜನಕ್ಕೆ ಎಕ್ಸರ್‌ಸೈಸ್ ಅಂತ ನಾಲ್ಕು ಗುಂಪು ಮಾಡಿ 4 ವಾರ ನೋಡಿದ್ರು. ನಿಜವಾದ ಟೆನ್ಸ್‌ಗೂ ಡಮ್ಮಿಗೂ ವ್ಯತ್ಯಾಸ ಕಾಣಲಿಲ್ಲ. ಎಕ್ಸರ್‌ಸೈಸ್ ಮಾಡಿದೋರಿಗೆ ಒಂದು ತಿಂಗಳಲ್ಲಿ ಚೆನ್ನಾಗಾಯ್ತು, ಆದ್ರೆ ಅದಾಗಿ ಎರಡು ತಿಂಗಳಿಗೆ ಹೆಚ್ಚಿನವರು ಎಕ್ಸರ್‌ಸೈಸ್ ಬಿಟ್ಟಿದ್ರು, ಆ ಲಾಭನೂ ಹೋಗಿತ್ತು. ಟೆನ್ಸ್‌ನ ಬೈಯ್ಯೋರು ಈಗಲೂ ಈ ಪೇಪರ್ ಎತ್ತಿ ತೋರಿಸ್ತಾರೆ, ಎಕ್ಸರ್‌ಸೈಸ್ ಬಿಟ್ಟಿದ್ರು, ಲಾಭನೂ ಹೋಗಿತ್ತು ಅನ್ನೋ ಸಾಲಿನ ಬಗ್ಗೆ ಮಾತ್ರ ಯಾರೂ ಮಾತಾಡಲ್ಲ, ನನಗೆ ಕೇಳಿದ್ರೆ ಅದೇ ಮುಖ್ಯವಾದ ಸಾಲು.

ಅಷ್ಟರಲ್ಲಿ ಕುತ್ತಿಗೆಯ ಕಡೆ ಎಕ್ಸರ್‌ಸೈಸ್‌ನವರು ತಮ್ಮ ದಾರೀಲಿ ತುಂಬಾ ಮುಂದೆ ಹೋಗಿದ್ರು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಗ್ವೆಂಡೊಲೆನ್ ಜುಲ್ ಮತ್ತು ಜೊತೆಗಾರರು ಕುತ್ತಿಗೆ ನೋವಿರೋರಲ್ಲಿ ಗಂಟಲ ಹಿಂದೆ ಆಳದಲ್ಲಿರೋ ಸಣ್ಣ ಸ್ನಾಯುಗಳು ಸುಸ್ತಾಗಿ, ಹೊರಗಿನ ದೊಡ್ಡ ಸ್ನಾಯುಗಳು ಅವುಗಳ ಕೆಲಸನೂ ಮಾಡಿ ಬಿಗಿಯಾಗ್ತವೆ ಅಂತ ತೋರಿಸಿದ್ರು. ಗಲ್ಲವನ್ನ ಮೆಲ್ಲಗೆ ಒಳಗೆಳೆದು ಹೂಂ ಅನ್ನೋ ಥರ ತಲೆ ಬಗ್ಗಿಸೋ ಎಕ್ಸರ್‌ಸೈಸ್ ಹೇಳ್ಕೊಡ್ತಾರಲ್ಲ, ಅದು ಈ ಕೆಲಸದಿಂದ ಬಂದಿದ್ದು. 2003ರಲ್ಲಿ ಫಿನ್ಲೆಂಡ್‌ನಲ್ಲಿ 180 ಜನ ಆಫೀಸ್ ಕೆಲಸದ ಹೆಂಗಸರ ಮೇಲೆ ಒಂದು ವರ್ಷದ ಟ್ರಯಲ್ ಆಯ್ತು, ಕುತ್ತಿಗೆ ಸ್ನಾಯುಗಳಿಗೆ ನಿಜವಾಗ್ಲೂ ಭಾರ ಕೊಟ್ಟು ಟ್ರೈನ್ ಮಾಡಿದೋರಿಗೆ ಬರೀ ಸ್ಟ್ರೆಚಿಂಗ್ ಮತ್ತೆ ಏರೋಬಿಕ್ಸ್ ಮಾಡಿದೋರಿಗಿಂತ ನೋವು ಚೆನ್ನಾಗಿ ಇಳಿದಿತ್ತು. 2011ರಲ್ಲಿ ಡೆನ್ಮಾರ್ಕ್‌ನವರು ಇನ್ನೂ ಮುಂದೆ ಹೋಗಿ, 198 ಜನರ ಮೇಲೆ ನೋಡಿ, ರಬ್ಬರ್ ಟ್ಯೂಬ್ ಹಿಡಿದು ದಿನಕ್ಕೆ ಬರೀ 2 ನಿಮಿಷ ಭುಜದ ಎಕ್ಸರ್‌ಸೈಸ್ ಮಾಡಿದ್ರೂ 10 ವಾರದಲ್ಲಿ ಗುಣ ಕಾಣತ್ತೆ ಅಂದ್ರು. ಎರಡೇ ನಿಮಿಷ! ಟೈಮ್ ಇಲ್ಲ ಅನ್ನೋ ನೆಪ ಅಲ್ಲಿಗೆ ಮುಗೀತು.

ಕುತ್ತಿಗೆಗೆ ಅಂತಲೇ ಟೆನ್ಸ್ ಮತ್ತು ಎಕ್ಸರ್‌ಸೈಸ್ ಎರಡನ್ನೂ ನೋಡಿದ ದೊಡ್ಡ ಟ್ರಯಲ್ 2005ರಲ್ಲಿ ಹಾಂಗ್‌ಕಾಂಗ್‌ನಿಂದ ಬಂತು. 218 ಜನ, 6 ವಾರ, ಮೂರು ಗುಂಪು. ಎಲ್ರಿಗೂ ಇನ್‌ಫ್ರಾರೆಡ್ ಶಾಖ, ಒಂದು ಗುಂಪಿಗೆ ಜೊತೆಗೆ ಟೆನ್ಸ್, ಇನ್ನೊಂದಕ್ಕೆ ಜೊತೆಗೆ ಎಕ್ಸರ್‌ಸೈಸ್. ಶಾಖ ಮಾತ್ರ ತಗೊಂಡೋರಿಗಿಂತ ಆ ಎರಡೂ ಗುಂಪಿನವರು ಚೆನ್ನಾಗಿದ್ರು, ಆರು ತಿಂಗಳಾದ್ಮೇಲೂ ಆ ಗುಣ ಉಳಿದಿತ್ತು. ಆದ್ರೆ ನೋಡಿ, ಎರಡನ್ನೂ ಒಬ್ರಿಗೇ ಕೊಟ್ಟ ನಾಲ್ಕನೇ ಗುಂಪು ಇರ್ಲೇ ಇಲ್ಲ. ಕ್ಲಿನಿಕ್‌ಗಳಲ್ಲಿ ದಿನಾ ಕೊಡೋದು ಎರಡನ್ನೂ, ಟ್ರಯಲ್‌ನಲ್ಲಿ ನೋಡಿದ್ದು ಬೇರೆಬೇರೆಯಾಗಿ.

2019ರಲ್ಲಿ, ಟ್ರಯಲ್‌ಗಳನ್ನ ಒಟ್ಟು ಹಾಕಿ ಪರಿಶೀಲಿಸೋ ಕಾಕ್ರನ್ ಅನ್ನೋ ಸಂಸ್ಥೆಯವರು ದೀರ್ಘಕಾಲದ ಕುತ್ತಿಗೆ ನೋವಿಗೆ ಟೆನ್ಸ್ ಬಗ್ಗೆ ಇದ್ದ ಟ್ರಯಲ್ ಎಲ್ಲಾ ಜರಡಿ ಹಿಡಿದಾಗ ಸಿಕ್ಕಿದ್ದು 7, ಒಟ್ಟು 651 ಜನ. ಸಾಕ್ಷಿ ತೀರಾ ದುರ್ಬಲ, ಡಮ್ಮಿಗಿಂತ ಮೇಲು ಅಂತ ಹೇಳೋಕಾಗಲ್ಲ ಅಂತ ಬರೆದ್ರು. 2021ರಲ್ಲಿ, ಯಾವ ಚಿಕಿತ್ಸೆ ಕೊಡ್ಬೇಕು ಅಂತ ಡಾಕ್ಟರ್‌ಗಳಿಗೆ ಸೂಚಿಸೋ ಬ್ರಿಟನ್ನಿನ ನೈಸ್ ಸಂಸ್ಥೆ, ಬೇರೆ ಕಾಯಿಲೆಯಿಂದ ಅಂತ ಹೇಳೋಕಾಗದ ದೀರ್ಘಕಾಲದ ನೋವಿಗೆ ಎಕ್ಸರ್‌ಸೈಸ್ ಕೊಡಿ, ಟೆನ್ಸ್ ಕೊಡ್ಬೇಡಿ ಅಂದುಬಿಡ್ತು. ಮರುವರ್ಷ 381 ಟ್ರಯಲ್‌ಗಳನ್ನ ಒಟ್ಟು ಹಾಕಿದ ಇನ್ನೊಂದು ವಿಶ್ಲೇಷಣೆ ಬಂತು, ಅದು ಹೇಳಿದ್ದು ಕರೆಂಟ್ ಹರೀತಿರುವಾಗ ಮತ್ತು ಅದಾದ ತಕ್ಷಣ ನೋವು ಕಮ್ಮಿ ಆಗತ್ತೆ ಅಂತ.

ಇವು ಒಂದಕ್ಕೊಂದು ವಿರುದ್ಧ ಅನ್ಸತ್ತೆ, ಆದ್ರೆ ಯಾವ ಹೊತ್ತಲ್ಲಿ ನೋವು ಅಳೆದ್ರು ಅಂತ ನೋಡಿದ್ರೆ ಗಂಟು ಸುಮಾರಾಗಿ ಬಿಚ್ಚಿಕೊಳ್ಳತ್ತೆ. ಕರೆಂಟ್ ಇದ್ದಾಗ ಕೆಲಸ ಮಾಡೋ ವಸ್ತುವನ್ನ ಮಲಗಿರುವಾಗ ಕೊಟ್ಟು, ವಾರಗಳಾದ್ಮೇಲೆ ನೋವು ಎಷ್ಟಿದೆ ಅಂತ ಅಳೆದ್ರೆ ಏನೂ ಸಿಗದೇ ಇರೋದ್ರಲ್ಲಿ ಆಶ್ಚರ್ಯ ಏನಿದೆ? ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಕ್ಯಾಥ್ಲೀನ್ ಸ್ಲುಕಾ ತಂಡ ಬಹಳ ವರ್ಷದಿಂದ ಹಿಡಿದಿರೋದು ಇದೇ ಎಳೆ. ಟೆನ್ಸ್ ದೇಹದ ಸ್ವಂತ ಓಪಿಯಾಯ್ಡ್ ವ್ಯವಸ್ಥೆಯನ್ನ, ಅಂದ್ರೆ ಒಳಗೇ ಇರೋ ನೋವು ತಗ್ಗಿಸೋ ವ್ಯವಸ್ಥೆಯನ್ನ ಎಬ್ಬಿಸತ್ತೆ, ದಿನಾ ಒಂದೇ ಸೆಟ್ಟಿಂಗ್ ಇಟ್ರೆ ಇಲಿಗಳಲ್ಲಿ ನಾಲ್ಕೈದು ದಿನಕ್ಕೇ ಪರಿಣಾಮ ಮಂಕಾಗತ್ತೆ ಅನ್ನೋದೆಲ್ಲ ಅವರ ಲ್ಯಾಬಿನಿಂದ ಬಂದಿದ್ದು. 2020ರಲ್ಲಿ, ಮೈಯೆಲ್ಲಾ ದೀರ್ಘಕಾಲ ನೋಯೋ ಫೈಬ್ರೊಮಯಾಲ್ಜಿಯಾ ಇರೋ 301 ಹೆಂಗಸರಿಗೆ ದಿನಕ್ಕೆ 2 ಗಂಟೆ ಮೈ ಅಲುಗಾಡಿಸೋ ಹೊತ್ತಲ್ಲೇ ಟೆನ್ಸ್ ಹಾಕ್ಕೊಳ್ಳಿ ಅಂತ ಹೇಳಿ, ಸುಮ್ನೆ ಕೂತಾಗಿನ ನೋವು ಬಿಟ್ಟು ಓಡಾಡುವಾಗಿನ ನೋವನ್ನ ಮುಖ್ಯವಾಗಿ ಅಳೆದ್ರು. 4 ವಾರದಲ್ಲಿ ಡಮ್ಮಿಗಿಂತ ಸ್ಪಷ್ಟವಾಗಿ ಕಮ್ಮಿ ಇತ್ತು. ಇದು ಕುತ್ತಿಗೆಗೆ ಅಂತ ಮಾಡಿದ ಟ್ರಯಲ್ ಅಲ್ಲ, ಸೀದಾ ಎತ್ತಿ ಅಂಟಿಸೋಕಾಗಲ್ಲ, ಆದ್ರೆ ತಲೆ ತಿರುಗಿಸಿದ್ರೆ ನೋವು ಅಂತ ತಿರುಗಿಸೋದನ್ನೇ ಬಿಟ್ಟಿರೋ ಮನುಷ್ಯನಿಗೆ ಇದರಲ್ಲಿ ಸುಳಿವಿದೆ. ನೋವಿನ ಭಯಕ್ಕೆ ಅಲುಗಾಡಿಸಲ್ಲ, ಅಲುಗಾಡಿಸದೆ ಸ್ನಾಯು ಇನ್ನೂ ಸೋಲತ್ತೆ. ಟೆನ್ಸ್ ಕೊಡೋದು ಆ ಮಧ್ಯೆ ಒಂದರ್ಧ ಗಂಟೆ ಸಾಲ, ಆ ಸಾಲದಲ್ಲಿ ಎಕ್ಸರ್‌ಸೈಸ್ ಮಾಡ್ಕೋಬೇಕು, ನಾವು ಮಾತ್ರ ಸಾಲ ತಗೊಂಡು ಮಲಗ್ತೀವಿ.

ಹಾಗಾಗಿ ಮುಂದಿನ ಸಲ ಫಿಸಿಯೋ ಹತ್ರ ಹೋದಾಗ "ಪ್ಯಾಡ್ ಇರುವಾಗಲೇ ಎಕ್ಸರ್‌ಸೈಸ್ ಮಾಡ್ಸ್ತೀರಾ" ಅಂತ ಕೇಳೋದ್ರಲ್ಲಿ ತಪ್ಪಿಲ್ಲ. ಕರೆಂಟ್ ಜೋರಾಗಿ ಗೊತ್ತಾಗ್ಬೇಕು ಆದ್ರೆ ನೋಯಬಾರದು, ತೀರಾ ಕಮ್ಮಿ ಇಟ್ರೆ ಉಪಯೋಗ ಇಲ್ಲ. ಅಂದಹಾಗೆ 1995ರ ಒಂದು ಸಣ್ಣ ಅಧ್ಯಯನದಲ್ಲಿ ಕೆಫೀನ್ ಟೆನ್ಸ್‌ನ ಪರಿಣಾಮ ಕುಗ್ಗಿಸಿತ್ತು, ಫಿಲ್ಟರ್ ಕಾಫಿ ಕುಡಿದು ನೇರ ಕ್ಲಿನಿಕ್‌ಗೆ ಹೋಗೋರು ಯೋಚನೆ ಮಾಡಿ.

ಮನೆಗೇ ಮೆಷಿನ್ ತರಿಸ್ಕೊಳ್ಳೋರಿಗೆ: ಗಂಟಲ ಮುಂಭಾಗಕ್ಕೆ, ಪಕ್ಕದ ದೊಡ್ಡ ರಕ್ತನಾಳದ ಮೇಲೆ ಪ್ಯಾಡ್ ಇಡಲೇಬಾರದು, ಪೇಸ್‌ಮೇಕರ್ ಇದ್ರೆ ಮುಟ್ಟೋದೇ ಬೇಡ, ಬಸುರಿಯರು ಮತ್ತೆ ಮೂರ್ಛೆ ರೋಗ ಇರೋರು ಡಾಕ್ಟರ್‌ನ ಕೇಳದೆ ಹಾಕ್ಕೋಬಾರದು. ಕೈ ಜೋಮು ಹಿಡಿದು ಅಂಗಿ ಗುಂಡಿ ಹಾಕೋಕೆ ಕಷ್ಟ ಆಗ್ತಿದ್ರೆ, ನಡೆಯುವಾಗ ತಟ್ಟಾಡ್ತಿದ್ರೆ ಬೆನ್ನುಹುರಿ ಒತ್ತುತ್ತಿರಬಹುದು, ಅಂಥವರು ಕರೆಂಟೂ ಬೇಡ ಕಸರತ್ತೂ ಬೇಡ, ಮೊದಲು ಡಾಕ್ಟರ್ ಹತ್ರ ಹೋಗಿ ತೋರಿಸ್ಕೊಳ್ಳಿ.