ಕಾರಿನ ರಿಮೋಟ್ ಕೀ: ಬಟನ್ ಒಂದೇ, ಕೋಡ್ ಪ್ರತಿಸಲ ಬೇರೆ

ಈ ಪಾಠದಲ್ಲಿ ರೇಡಿಯೋ ಭಾಗ ಸುಲಭ, ಬೇಗ ಮುಗಿಸೋಣ. ಕೀ ಬಿಚ್ಚಿದರೆ 3 ವೋಲ್ಟಿನ ಬಿಲ್ಲೆ ಸೆಲ್ (ಸಾಮಾನ್ಯವಾಗಿ ಸಿಆರ್2032), ಒಂದು ಪುಟ್ಟ ಚಿಪ್, ಟ್ರಾನ್ಸ್‌ಮಿಟರ್, ಬಟನ್‌ಗಳು. ಆಂಟೆನಾ ಬೇರೆಯಾಗಿ ಕಾಣುವುದಿಲ್ಲ. ಬೋರ್ಡಿನ ಅಂಚಿನಲ್ಲಿ ಓಡುವ ತಾಮ್ರದ ಗೆರೆಯೇ ಆಂಟೆನಾ. ಭಾರತ, ಯುರೋಪಿನ ಕಾರುಗಳಲ್ಲಿ ಹೆಚ್ಚಾಗಿ 433.92 ಮೆಗಾಹರ್ಟ್ಸ್, ಅಮೆರಿಕದಲ್ಲಿ 315.

ಗಾಳಿಯಲ್ಲಿ ಹೋಗುವ ಸಿಗ್ನಲ್ಲನ್ನು ಯಾರು ಬೇಕಾದರೂ ಹಿಡಿಯಬಹುದು. ಪ್ರತಿಸಲ ಅದೇ ಕೋಡ್ ಹೋದರೆ, ಒಮ್ಮೆ ರೆಕಾರ್ಡ್ ಮಾಡಿಕೊಂಡವನು ರಾತ್ರಿ ಬಂದು ಅದನ್ನೇ ಕಳಿಸಿ ಬಾಗಿಲು ತೆಗೆಯುತ್ತಾನೆ. ಇದಕ್ಕೆ ಉತ್ತರವೇ ರೋಲಿಂಗ್ ಕೋಡ್, ಅಂದರೆ ಒತ್ತಿದಾಗಲೆಲ್ಲ ಬದಲಾಗುವ ಕೋಡ್. ಇದರಲ್ಲಿ ಹೆಸರುವಾಸಿಯಾದದ್ದು ಕೀಲಾಕ್. 1980ರ ದಶಕದಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ್ದು, 1995ರಲ್ಲಿ ಮೈಕ್ರೋಚಿಪ್ ಕಂಪನಿ ಕೊಂಡುಕೊಂಡಿತು.

ಅದರ ಎಚ್‌ಸಿಎಸ್301 ಚಿಪ್ಪನ್ನೇ ನೋಡಿ. ಒಂದು ಸಂದೇಶ 66 ಬಿಟ್. 34 ಬಿಟ್ ಬಿಚ್ಚಾಗಿಯೇ ಹೋಗುತ್ತವೆ: ಕೀಯ ಸೀರಿಯಲ್ ನಂಬರ್, ಯಾವ ಬಟನ್ ಒತ್ತಿದ್ದು, ಸೆಲ್ ಸೊರಗಿದೆಯಾ ಎಂಬ ಸುಳಿವು. ಉಳಿದ 32 ಬಿಟ್ ಗುಟ್ಟಿನ ಭಾಗ. ಅದರೊಳಗೆ 16 ಬಿಟ್‌ನ ಒಂದು ಕೌಂಟರ್ ಇದೆ. ಒತ್ತಿದಾಗಲೆಲ್ಲ ಅದು 1 ಏರುತ್ತದೆ. ಎಣಿಕೆ ಒಂದೇ ಏರಿದರೂ 64 ಬಿಟ್ ಕೀಲಿಯಿಂದ (ರಿಮೋಟ್, ಕಾರು ಎರಡಕ್ಕೆ ಮಾತ್ರ ಗೊತ್ತಿರುವ ಗುಟ್ಟಿನ ಸಂಖ್ಯೆ) ಗೂಢಲಿಪಿ ಮಾಡಿದ ಮೇಲೆ ಸರಾಸರಿ ಅರ್ಧದಷ್ಟು ಬಿಟ್‌ಗಳು ಬದಲಾಗಿಬಿಡುತ್ತವೆ. ಹೊರಗಿನವನಿಗೆ ಮುಂದಿನ ಕೋಡ್ ಊಹಿಸಲು ಬರುವುದಿಲ್ಲ.

ಹಾಗಾದರೆ ಕಾರಿನಿಂದ ದೂರ ಇದ್ದಾಗ ಜೇಬಿನಲ್ಲಿ ಬಟನ್ ಒತ್ತಿಹೋದರೆ ಎಣಿಕೆ ತಪ್ಪುತ್ತದೆ, ಅಲ್ವಾ? ಇಡೀ ವ್ಯವಸ್ಥೆಯಲ್ಲಿ ನನಗೆ ತುಂಬ ಇಷ್ಟವಾದ ಜಾಗ ಇದೇ. ಕಾರಿನ ನೆನಪಿನಲ್ಲಿ ಕೊನೆಯ ಎಣಿಕೆ 500 ಇದೆ ಎನ್ನಿ. ಜೇಬಿನಲ್ಲಿ 10 ಸಲ ಒತ್ತಿಹೋಯಿತು. ಈಗ ಬರುವುದು 511. ಮುಂದಿನ 16ರೊಳಗೆ ಇದ್ದರೆ ಕಾರು ಸುಮ್ನೆ ಒಪ್ಪಿಕೊಂಡು ತನ್ನ ನೆನಪನ್ನೂ 511 ಮಾಡಿಕೊಳ್ಳುತ್ತದೆ. ಮಗು ಆಟವಾಡುತ್ತಾ 200 ಸಲ ಒತ್ತಿದ್ದರೆ? ಬರುವುದು 701. ಬಾಗಿಲು ತೆರೆಯದು, ಆದರೆ ಕಾರು ಆ ಸಂಖ್ಯೆಯನ್ನು ಹಿಡಿದಿಟ್ಟುಕೊಂಡು ಕಾಯುತ್ತದೆ. ಮತ್ತೆ ಒತ್ತಿದಾಗ ಸರಿಯಾಗಿ 702 ಬಂದರೆ ತೆರೆಯುತ್ತದೆ. ಆಮೇಲೆ ಯಾರಾದರೂ ಹಳೆಯ 505 ಕಳಿಸಿದರೆ ಕಾರು ಕ್ಯಾರೇ ಅನ್ನುವುದಿಲ್ಲ. ಸೆಲ್ ತೆಗೆದರೂ ಎಣಿಕೆ ಅಳಿಸದು, ಏಕೆಂದರೆ ಅದು ಇರುವುದು ಕರೆಂಟ್ ಇಲ್ಲದಿದ್ದರೂ ಅಳಿಸದ ಮೆಮೊರಿಯಾದ ಇಇಪಿರಾಮ್‌ನಲ್ಲಿ.

ಮುಂದಿನ 16 ಎಣಿಕೆಗಳನ್ನು ಒಪ್ಪುವ ಈ ಕಿಟಕಿಯಲ್ಲೇ ಒಂದು ಸಂದೂ ಇದೆ. 2015ರಲ್ಲಿ ಭದ್ರತಾ ಸಂಶೋಧಕ ಸ್ಯಾಮಿ ಕಾಮ್ಕರ್ ರೋಲ್‌ಜಾಮ್ ಎಂಬ ಅಗ್ಗದ ಸಾಧನ ಮಾಡಿ ಇದನ್ನು ತೋರಿಸಿದರು. ಮಾಲೀಕ ಬಟನ್ ಒತ್ತುತ್ತಾನೆ. ಸಾಧನ ಕಾರಿನ ಕಿವಿಗೆ ಗದ್ದಲ ತುಂಬಿ, ಕೋಡನ್ನು ತಾನು ಬರೆದುಕೊಳ್ಳುತ್ತದೆ. ಬಾಗಿಲು ತೆರೆಯಲಿಲ್ಲವೆಂದು ಅವನು ಮತ್ತೆ ಒತ್ತುತ್ತಾನೆ. ಸಾಧನ ಎರಡನೆಯದನ್ನೂ ಹಿಡಿದು, ಮೊದಲನೆಯದನ್ನು ಕಾರಿಗೆ ಕಳಿಸುತ್ತದೆ. ಬಾಗಿಲು ತೆರೆಯಿತು, ಮಾಲೀಕನಿಗೆ ಸಮಾಧಾನ. ಆದರೆ ಕಾರು ಇನ್ನೂ ಕಾಣದ ಒಂದು ಕೋಡ್ ಕಳ್ಳನ ಕೈಯಲ್ಲಿ ಉಳಿಯಿತು. ಇಲ್ಲಿ ಗೂಢಲಿಪಿ ಮುರಿದೇ ಇಲ್ಲ, ಗಮನಿಸಿ. ಕೋಡ್ ಯಾವಾಗ ಹುಟ್ಟಿತು ಎಂದು ಕಾರಿಗೆ ತಿಳಿಯದಿರುವುದೇ ತೊಂದರೆ. ಕೋಡ್‌ಗೆ ಅವಧಿ ಕಟ್ಟಿದರೆ ಈ ದಾರಿ ಮುಚ್ಚುತ್ತದೆ.

ಪರೀಕ್ಷೆಯಲ್ಲಿ ಗೊಂದಲವಾಗುವ ಇನ್ನೊಂದು ವಿಷಯ: ಬಾಗಿಲು ತೆಗೆಯುವ ರಿಮೋಟ್ ಬೇರೆ, ಎಂಜಿನ್ ಚಾಲೂ ಆಗಲು ಬಿಡುವ ಇಮೊಬಿಲೈಸರ್ ಬೇರೆ. ತಿರುಗಿಸುವ ಕೀ ಇರುವ ಕಾರುಗಳಲ್ಲಿ ಇಮೊಬಿಲೈಸರ್ ಚಿಪ್ ಕೀ ತಲೆಯೊಳಗೆ ಇರುತ್ತದೆ. ಇಗ್ನಿಷನ್ ಸುತ್ತಲಿನ ಕಾಯಿಲ್ ಸಾಮಾನ್ಯವಾಗಿ 125 ಕಿಲೋಹರ್ಟ್ಸ್ ಆಸುಪಾಸಿನ ಕಾಂತಕ್ಷೇತ್ರದಿಂದ ಅದಕ್ಕೆ ಕರೆಂಟ್ ಒದಗಿಸುತ್ತದೆ. ಆದ್ದರಿಂದಲೇ ಸೆಲ್ ಪೂರ್ತಿ ಸತ್ತಿದ್ದರೂ ಕೈಯಲ್ಲಿ ಬೀಗ ತೆಗೆದು ಒಳಗೆ ಕೂತು ಕೀ ತಿರುಗಿಸಿದರೆ ಎಂಜಿನ್ ಹತ್ತಿಕೊಳ್ಳುತ್ತದೆ.