ಘಟ್ಟದ ಮೇಲಿನವರಿಗೆ ಸ್ಕೂಬಾ ಕೋರ್ಸ್: ಯಾವ ಕಾರ್ಡು, ಕಲಿಯೋದೇನು

ಹಾಸನ, ಚಿಕ್ಕಮಗಳೂರು ಕಡೆಯಿಂದ ಮುರುಡೇಶ್ವರಕ್ಕೆ ಹೋಗಿ ಅಲ್ಲಿನ ನೇತ್ರಾಣಿ ದ್ವೀಪದಲ್ಲಿ ಡೈವಿಂಗ್ ಕಲಿಯಬೇಕು ಅನ್ನುವವರು ಮೊದಲು ಕೇಳುವುದು, ‘ಪಾಡಿ ಮಾಡೋದಾ, ಎಸ್‌ಎಸ್‌ಐ ಮಾಡೋದಾ?’ ಅಂತ. ಇದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಎರಡೂ ಡೈವಿಂಗ್ ಕೋರ್ಸ್ ನಡೆಸಿ, ಕಲಿತದ್ದಕ್ಕೆ ಪ್ರಮಾಣಪತ್ರದ ಕಾರ್ಡು ಕೊಡುವ ಸಂಸ್ಥೆಗಳು. ಪಾಡಿ 1966ರಲ್ಲಿ ಶುರುವಾದದ್ದು, ಎಸ್‌ಎಸ್‌ಐ 1970ರಲ್ಲಿ. ಎರಡರ ಮೊದಲ ಹಂತದ ಓಪನ್ ವಾಟರ್ ಕೋರ್ಸೂ ಐಎಸ್‌ಒ 24801-2 ಅನ್ನುವ ಅಂತರರಾಷ್ಟ್ರೀಯ ಮಾನದಂಡಕ್ಕೆ ಹೊಂದುತ್ತದೆ. ಎರಡರಲ್ಲೂ ಸಮುದ್ರದಂಥ ತೆರೆದ ನೀರಿನಲ್ಲಿ ಕನಿಷ್ಠ ನಾಲ್ಕು ಡೈವ್, 18 ಮೀಟರ್ ಆಳದ ಮಿತಿ. ಇಂಥದ್ದೇ ಇನ್ನೊಂದು ಸಂಸ್ಥೆ ಸಿಮಾಸ್‌ನವರ ಒನ್ ಸ್ಟಾರ್ ಕೋರ್ಸ್ ಆದರೆ 20 ಮೀಟರ್. ಒಂದು ಸಂಸ್ಥೆಯ ಕಾರ್ಡು ಇನ್ನೊಂದರ ಕೇಂದ್ರದಲ್ಲೂ ಸಾಮಾನ್ಯವಾಗಿ ನಡೆಯುತ್ತದೆ.

ಗಮನ ಬೇಕಾಗುವುದು ಅದರ ಮುಂದಿನ ಮೆಟ್ಟಿಲಿಗೆ. ಪಾಡಿಯ ಅಡ್ವಾನ್ಸ್ಡ್ ಕೋರ್ಸಿಗೆ ಐದು ಡೈವ್ ಸಾಕು, ಓಪನ್ ವಾಟರ್ ಮುಗಿದ ಬೆನ್ನಲ್ಲೇ ಮಾಡಬಹುದು. ಎಸ್‌ಎಸ್‌ಐನ ಅಡ್ವಾನ್ಸ್ಡ್ ಓಪನ್ ವಾಟರ್ ಪಡೆಯಲು ನಾಲ್ಕು ಸ್ಪೆಷಾಲಿಟಿ ಕೋರ್ಸ್ ಜೊತೆಗೆ 24 ಡೈವ್ ಆಗಿರಬೇಕು. ಹಾಗಾಗಿ ಕಾರ್ಡು ನೋಡಿ ಡೈವಿನ ಜೊತೆಗಾರನನ್ನು ಆರಿಸಬೇಡಿ. ಎಷ್ಟು ಡೈವ್ ಆಗಿದೆ, ಕೊನೆಯದು ಯಾವಾಗ ಅಂತ ಕೇಳಿ.

ಇನ್ನು ‘ಒಂದು ಸಲ ಇಳಿದು ನೋಡಿದರೆ ಸಾಲದಾ, ಕೋರ್ಸಿಗೆ ಅಷ್ಟು ದುಡ್ಡು ಯಾಕೆ’ ಅನ್ನುವ ಮಾತು. ಟ್ರೈ ಡೈವ್‌ನಲ್ಲಿ ನಿಮ್ಮ ಬೆನ್ನಿನ ಸಿಲಿಂಡರನ್ನು ತರಬೇತುದಾರ ಹಿಡಿದಿರುತ್ತಾರೆ, 12 ಮೀಟರಿಗಿಂತ ಕೆಳಗಿಲ್ಲ. ಮೀನು ನೋಡಿ, ಕ್ಯಾಮೆರಾಕ್ಕೆ ಕೈ ಬೀಸಿ ಬಂದರಾಯಿತು. ತಪ್ಪೇನಿಲ್ಲ, ಆದರೆ ಅದು ಕಲಿಕೆಯಲ್ಲ.

ಕೋರ್ಸಿನಲ್ಲಿ ಮಾಸ್ಕಿಗೆ ಬೇಕಂತಲೇ ನೀರು ತುಂಬಿಸುತ್ತಾರೆ. ಕಣ್ಣು ಉರಿಯುತ್ತದೆ, ಮೂಗಿಗೆ ಉಪ್ಪುನೀರು ಏರುತ್ತದೆ, ಮೇಲಕ್ಕೆ ಓಡಿಬಿಡೋಣ ಅನ್ನಿಸುತ್ತದೆ. ಆಗ ಮಾಸ್ಕಿನ ಮೇಲಂಚನ್ನು ಹಣೆಗೆ ಒತ್ತಿ, ಮುಖ ಸ್ವಲ್ಪ ಮೇಲೆತ್ತಿ, ಮೂಗಿನಿಂದ ನಿಧಾನಕ್ಕೆ ಉಸಿರು ಬಿಟ್ಟರೆ ನೀರು ಕೆಳಗಿನಿಂದ ಹೊರಗೆ ಹೋಗುತ್ತದೆ. ಇದನ್ನು ಮತ್ತೆ ಮತ್ತೆ ಮಾಡಿಸಿದಾಗಲೇ ಗಾಬರಿ ಇಳಿಯುವುದು.

ಕೆರೆ, ಬಾವಿಯಲ್ಲಿ ಈಜು ಕಲಿತ ನಮ್ಮಂಥವರಿಗೆ ಇನ್ನೊಂದು ತೊಂದರೆ: ನೀರೊಳಗೆ ಹೋದ ಕೂಡಲೇ ಉಸಿರು ಕಟ್ಟುವ ಅಭ್ಯಾಸ. ಬಾವಿಗೆ ಹಾರುವವನು ಮೇಲೆ ಎಳೆದುಕೊಂಡ ಗಾಳಿಯನ್ನೇ ಒಳಗೊಯ್ದು ವಾಪಸ್ ತರುತ್ತಾನೆ, ಅವನಿಗೇನೂ ಆಗುವುದಿಲ್ಲ. ಸ್ಕೂಬಾದಲ್ಲಿ ಹಾಗಲ್ಲ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು. ಅಲ್ಲಿ ಸಿಲಿಂಡರಿನಿಂದ ಎದೆ ತುಂಬ ಗಾಳಿ ಎಳೆದು, ಉಸಿರು ಕಟ್ಟಿ ಮೇಲೆ ಬಂದರೆ ಆ ಗಾಳಿ ಎರಡು ಪಟ್ಟು ಹಿಗ್ಗಲು ನೋಡುತ್ತದೆ, ಶ್ವಾಸಕೋಶಕ್ಕೆ ಪೆಟ್ಟಾಗುತ್ತದೆ. ಉಸಿರಾಟ ನಿಲ್ಲಿಸಲೇಬಾರದು ಅನ್ನುವುದು ಇದಕ್ಕೇ.

ಈಗ ನಮ್ಮ ಊರಿನವರು ನಿಜವಾಗಿ ಓದಬೇಕಾದ ಪಾಠ. ಮಂಗಳೂರಿನಲ್ಲಿ ತಗೊಂಡ ಚಿಪ್ಸ್ ಪ್ಯಾಕೆಟ್ಟು ಶಿರಾಡಿ ಹತ್ತಿ ಸಕಲೇಶಪುರಕ್ಕೆ ಬರುವಷ್ಟರಲ್ಲಿ ಬಿರಿಯುವ ಹಾಗೆ ಉಬ್ಬಿರುತ್ತದೆ, ನೋಡಿದ್ದೀರಲ್ಲ? ಮೇಲೆ ಗಾಳಿಯೊತ್ತಡ ಕಡಿಮೆ. ಡೈವ್ ಮಾಡುವಾಗ ಒತ್ತಡಕ್ಕೆ ರಕ್ತ, ಮಾಂಸದಲ್ಲೆಲ್ಲ ನೈಟ್ರೋಜನ್ ಕರಗಿರುತ್ತದೆ, ಹೊರಹೋಗಲು ಗಂಟೆಗಟ್ಟಲೆ ಬೇಕು. ಅದು ಹೋಗುವ ಮೊದಲೇ ಎತ್ತರಕ್ಕೆ ಏರಿದರೆ ಒಳಗೇ ಗುಳ್ಳೆ ಏಳಬಹುದು. ಕೀಲುನೋವು, ಜೋಮು, ಕೆಲವೊಮ್ಮೆ ಪಾರ್ಶ್ವವಾಯು. ಡಿಕಂಪ್ರೆಷನ್ ಸಿಕ್‌ನೆಸ್ ಅಂದರೆ ಇದೇ.

ವಿಮಾನ ಹತ್ತುವ ಮೊದಲು ಕನಿಷ್ಠ ಎಷ್ಟು ಹೊತ್ತು ಕಾಯಬೇಕೆಂದು ಡೈವಿಂಗ್ ಸುರಕ್ಷತೆಯ ಸಂಸ್ಥೆ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಹೇಳಿದೆ: ಒಂದೇ ಸಾಮಾನ್ಯ ಡೈವ್ ಆಗಿದ್ದರೆ 12 ಗಂಟೆ, ಒಂದಕ್ಕಿಂತ ಹೆಚ್ಚಾದರೆ 18 ಗಂಟೆ. ಆ ಲೆಕ್ಕ 2,000ದಿಂದ 8,000 ಅಡಿ ಎತ್ತರದ ಗಾಳಿಯೊತ್ತಡಕ್ಕೆ ಹಾಕಿದ್ದು. ಹಾಸನವೇ 3,000 ಅಡಿ ದಾಟಿದೆ, ಚಿಕ್ಕಮಗಳೂರು ಅದಕ್ಕೂ ಎತ್ತರ. ಅಂದರೆ ಭಾನುವಾರ ಮಧ್ಯಾಹ್ನದವರೆಗೆ ಎರಡು ಡೈವ್ ಮಾಡಿ, ಸಂಜೆ ಚಾರ್ಮಾಡಿ ಹತ್ತಿ ಮನೆ ಸೇರುವ ಪ್ಲ್ಯಾನ್ ಬೇಡ. ಶನಿವಾರವೇ ಡೈವ್ ಮುಗಿಸಿ, ರಾತ್ರಿ ಕರಾವಳಿಯಲ್ಲೇ ಉಳಿದು ಮಾರನೇ ದಿನ ಹೊರಡಿ. ಬೆಂಗಳೂರಿನ ಗೆಳೆಯರಿಗೂ ಹೇಳಿ, ಅವರೂ ಘಟ್ಟ ಹತ್ತಲೇಬೇಕು.

ಥಿಯರಿ ಭಾಗ ಆನ್‌ಲೈನ್‌ನಲ್ಲಿ ಸಿಗುತ್ತದೆ. ಮಳೆಗಾಲದಲ್ಲಿ ನೇತ್ರಾಣಿ ಹೇಗೂ ಬಂದ್. ಮನೆಯಲ್ಲಿ ಕೂತು ಓದಲು ಅದೇ ಸಮಯ. ಈಜುಕೊಳಕ್ಕೂ ಹೋಗುತ್ತಿರಿ: ಪಾಡಿಯಲ್ಲಿ 200 ಮೀಟರ್ ನಿಲ್ಲದೆ ಈಜಬೇಕು, ಹತ್ತು ನಿಮಿಷ ತೇಲಬೇಕು, ವೇಗ ಮುಖ್ಯವಲ್ಲ. ದುಡ್ಡು ಕಟ್ಟುವ ಮೊದಲು ಆರೋಗ್ಯದ ಫಾರಂ ತರಿಸಿ ಓದಿ. ಉಬ್ಬಸ, ಹೃದಯದ ತೊಂದರೆ ಇಂಥವಕ್ಕೆ ‘ಹೌದು’ ಅಂತ ಬರೆಯಬೇಕಾದರೆ ಡಾಕ್ಟರ ಸಹಿ ಬೇಕಾಗುತ್ತದೆ, ಅದನ್ನು ಊರಲ್ಲೇ ಮಾಡಿಸಿಕೊಂಡು ಹೋಗಿ.