ಬಿಟ್ಟಿ ದುಡ್ಡಿನ ಲೆಕ್ಕ ಓಕ್ಲೆಂಡ್ ಕೇಳಿದ ಕಥೆ

ಅಮೆರಿಕದ ದೊಡ್ಡ ಊರುಗಳ ಕೌನ್ಸಿಲ್ ಅಜೆಂಡಾ ತೆಗೆದು ನೋಡಿದರೆ, ರಸ್ತೆ ರಿಪೇರಿ, ಪೈಪ್‌ಲೈನ್ ಟೆಂಡರ್ ನಡುವೆ ಒಂದು ಸಾಲು ಸಿಗುತ್ತದೆ: ಹೋಮ್‌ಲ್ಯಾಂಡ್ ಸೆಕ್ಯುರಿಟಿ (ಫೆಡರಲ್ ಸರ್ಕಾರದ ಆಂತರಿಕ ಭದ್ರತಾ ಇಲಾಖೆ) ಅನುದಾನ ಸ್ವೀಕರಿಸಿ ಖರ್ಚು ಮಾಡಲು ಒಪ್ಪಿಗೆ. ಸಾಮಾನ್ಯವಾಗಿ ಅದಕ್ಕೆ ಚರ್ಚೆಯೇ ಇರುವುದಿಲ್ಲ. ಬೇರೆ ಹತ್ತಾರು ವಿಷಯಗಳ ಜೊತೆ ಸೇರಿಸಿ ಒಂದೇ ಮತ, ಮುಗೀತು. ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಅನ್ನುವ ಲೆಕ್ಕ.

ಇದು ಶುರುವಾಗಿದ್ದು 2001ರ ಸೆಪ್ಟೆಂಬರ್ 11ರ ದಾಳಿಯ ನಂತರ. 2003ರಲ್ಲಿ ಈ ಹೊಸ ಇಲಾಖೆ ಕೆಲಸ ಆರಂಭಿಸಿತು, ಅದೇ ವರ್ಷ ದೊಡ್ಡ ನಗರಗಳಿಗೆಂದೇ ಒಂದು ಭದ್ರತಾ ಅನುದಾನವೂ ಬಂತು. ಮೊದಲು ಕ್ಯಾಲಿಫೋರ್ನಿಯಾದ ಅಕ್ಕಪಕ್ಕದ ಊರುಗಳಾದ ಸ್ಯಾನ್ ಫ್ರಾನ್ಸಿಸ್ಕೊ, ಓಕ್ಲೆಂಡ್, ಸ್ಯಾನ್ ಹೋಸೆ ಮೂರೂ ಬೇರೆ ಬೇರೆಯಾಗಿ ಪಡೆಯುತ್ತಿದ್ದವು. 2006ರಲ್ಲಿ ಮೂರನ್ನೂ ಒಂದೇ ಬೇ ಏರಿಯಾ (ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಲಿನ ಪ್ರದೇಶ) ಗುಂಪು ಮಾಡಿದರು. ದುಡ್ಡು ಫೀಮಾದಿಂದ, ಅಂದರೆ ಇದೇ ಇಲಾಖೆಯ ವಿಪತ್ತು ನಿರ್ವಹಣಾ ಸಂಸ್ಥೆಯಿಂದ, ರಾಜ್ಯಕ್ಕೆ ಬರುತ್ತದೆ. ರಾಜ್ಯ ಅದರಲ್ಲಿ ಕನಿಷ್ಠ 80 ಶೇಕಡವನ್ನು ಕೆಳಗೆ ಬಿಡಲೇಬೇಕು. ಬೇ ಏರಿಯಾದಲ್ಲಿ ಅದು ಸ್ಯಾನ್ ಫ್ರಾನ್ಸಿಸ್ಕೊ ಕೈಗೆ ಬಂದು, ಅಲ್ಲಿಂದ ಒಪ್ಪಂದ ಮಾಡಿಕೊಂಡ ಊರುಗಳಿಗೆ ಹಂಚಿಕೆಯಾಗುತ್ತದೆ. ಊರು ಮೊದಲು ಕೈಯಿಂದ ಖರ್ಚು ಮಾಡಿ ಆಮೇಲೆ ಬಿಲ್ ಕಳಿಸಬೇಕು. ಕೌನ್ಸಿಲ್ ಮುಂದೆ ಕಾಗದ ಬರುವ ಹೊತ್ತಿಗೆ ಏನು ಕೊಳ್ಳಬೇಕು, ಯಾರು ಕೊಳ್ಳಬೇಕು ಎಲ್ಲ ಮೇಲೆಯೇ ತೀರ್ಮಾನವಾಗಿರುತ್ತದೆ. ನನಗೆ ಈ ವ್ಯವಸ್ಥೆಯ ಅಸಲಿ ತೊಂದರೆ ಕಾಣುವುದೇ ಇಲ್ಲಿ.

ಹಂಚಿಕೆಯ ಬಗ್ಗೆ ಜಗಳ ಮೊದಲಿನಿಂದಲೂ ಇತ್ತು. 2006ರಲ್ಲಿ ನ್ಯೂಯಾರ್ಕಿನ ಪಾಲು ಸುಮಾರು 207 ಮಿಲಿಯನ್ ಡಾಲರಿನಿಂದ 124 ಮಿಲಿಯನ್‌ಗೆ ಇಳಿಯಿತು. ಇಲಾಖೆಯ ಕಾಗದದಲ್ಲಿ ಆ ಊರಿಗೆ ಒಂದೂ ರಾಷ್ಟ್ರೀಯ ಸ್ಮಾರಕ ಇರಲಿಲ್ಲವಂತೆ! ಸ್ವಾತಂತ್ರ್ಯ ದೇವಿಯ ಪ್ರತಿಮೆ ಎಲ್ಲಿ ಹೋಯಿತೋ. 2012ರಲ್ಲಿ ಸೆನೆಟರ್ ಟಾಮ್ ಕೋಬರ್ನ್ ಒಂದು ವರದಿ ಹೊರತಂದರು. ಮಿಶಿಗನ್‌ನಲ್ಲಿ ಈ ದುಡ್ಡಿನಿಂದ ಐಸ್ ಗೋಲಾ ಮಾಡುವ 13 ಯಂತ್ರ ಕೊಂಡಿದ್ದು, ಸ್ಯಾನ್ ಡಿಯಾಗೋ ಹತ್ತಿರದ ರೆಸಾರ್ಟಿನಲ್ಲಿ ನಡೆದ ಭದ್ರತಾ ಸಮ್ಮೇಳನದಲ್ಲಿ ಜಾಂಬಿ ದಾಳಿಯ ಪ್ರದರ್ಶನ ಇಟ್ಟಿದ್ದು, ಎಲ್ಲ ಅದರಲ್ಲಿದೆ. ಜನ ನಕ್ಕರು. ದುಡ್ಡು ಹರಿಯುತ್ತಲೇ ಇತ್ತು.

ನಗು ನಿಂತಿದ್ದು ಓಕ್ಲೆಂಡ್‌ನಲ್ಲಿ. ಅಲ್ಲಿನ ಬಂದರಿನ ಭದ್ರತೆಗೆ ಬಂದ ಫೆಡರಲ್ ಅನುದಾನದಲ್ಲಿ 2009ರ ಹೊತ್ತಿಗೆ ಒಂದು ನಿಗಾ ಕೇಂದ್ರದ ಯೋಜನೆ ಶುರುವಾಗಿತ್ತು. ಬಂದರಿನ ಕ್ಯಾಮೆರಾಗಳಿಗೆಂದು ಹೊರಟಿದ್ದು ನಿಧಾನಕ್ಕೆ ಇಡೀ ಊರಿನ ಕ್ಯಾಮೆರಾ, ಗುಂಡಿನ ಸದ್ದು ಹಿಡಿಯುವ ಯಂತ್ರ, ವಾಹನಗಳ ನಂಬರ್ ಪ್ಲೇಟ್ ಓದುವ ಯಂತ್ರ ಎಲ್ಲವನ್ನೂ ಒಂದೇ ಕಡೆ ಸೇರಿಸುವ ಯೋಜನೆಯಾಗಿ ಬೆಳೆಯಿತು. ಯಾರೂ ಹೆಚ್ಚು ಕೇಳಲಿಲ್ಲ. 2013ರ ಜುಲೈನಲ್ಲಿ ಎರಡನೇ ಹಂತಕ್ಕೆ 2 ಮಿಲಿಯನ್ ಡಾಲರ್ ಸ್ವೀಕರಿಸುವ ವಿಷಯ ಕೌನ್ಸಿಲ್‌ಗೆ ಬಂದಾಗ ಮಾತ್ರ ಲೆಕ್ಕ ತಪ್ಪಿತು. ಸರ್ಕಾರ ಜನರ ಫೋನ್, ಇಂಟರ್ನೆಟ್ ಮೇಲೆ ಗುಟ್ಟಾಗಿ ಕಣ್ಣಿಟ್ಟಿದೆ ಎಂದು ಎಡ್ವರ್ಡ್ ಸ್ನೋಡೆನ್ ಬಿಚ್ಚಿಟ್ಟ ವಿಷಯ ಆಗಷ್ಟೇ ಸುದ್ದಿಯಲ್ಲಿತ್ತು, ಜನ ಸಭೆಗೆ ನುಗ್ಗಿದರು. ಕೌನ್ಸಿಲ್ ಆದರೂ ಒಪ್ಪಿತು. ಆಮೇಲೆ ಇನ್ನೊಂದು ಮಜಾ. ಓಕ್ಲೆಂಡ್‌ಗೆ ಅಣ್ವಸ್ತ್ರ ವಿರೋಧಿ ಹಳೇ ಕಾನೂನೊಂದಿದೆ, ಗುತ್ತಿಗೆ ಹಿಡಿದಿದ್ದ ಕಂಪನಿ ಅಣ್ವಸ್ತ್ರದ ಕೆಲಸವನ್ನೂ ಮಾಡುತ್ತಿತ್ತು, ಹಾಗಾಗಿ ಆ ಕಂಪನಿಯನ್ನು ಕೈಬಿಡಬೇಕಾಯಿತು. ವರ್ಷದ ಕೊನೆಗೆ ಅಲ್ಲಿನ ಪತ್ರಿಕೆ ಈಸ್ಟ್ ಬೇ ಎಕ್ಸ್‌ಪ್ರೆಸ್ ಅಧಿಕಾರಿಗಳ ಇಮೇಲ್‌ಗಳನ್ನು ಪ್ರಕಟಿಸಿತು. ಅವುಗಳಲ್ಲಿ ಭಯೋತ್ಪಾದಕರಿಗಿಂತ ಪ್ರತಿಭಟನಾಕಾರರ ಮಾತೇ ಜಾಸ್ತಿ ಇತ್ತು.

2014ರ ಮಾರ್ಚ್‌ನಲ್ಲಿ ಕೌನ್ಸಿಲ್ ಆ ಕೇಂದ್ರವನ್ನು ಬಂದರಿಗಷ್ಟೇ ಸೀಮಿತ ಮಾಡಿತು. 2016ರಲ್ಲಿ ಖಾಸಗಿತನ ಸಲಹಾ ಆಯೋಗ ಬಂತು, 2018ರಲ್ಲಿ ನಿಗಾ ತಂತ್ರಜ್ಞಾನದ ಕಾನೂನು. ಈ ಕಾನೂನಿನಲ್ಲಿ ನನಗೆ ಮುಖ್ಯ ಅನಿಸಿದ್ದು ಒಂದೇ: ನಿಗಾ ಉಪಕರಣಕ್ಕೆ ಅನುದಾನದ ಅರ್ಜಿ ಹಾಕುವ ಮೊದಲೇ ಸಿಬ್ಬಂದಿ ಆಯೋಗದ ಅಧ್ಯಕ್ಷರಿಗೆ ತಿಳಿಸಬೇಕು. ದುಡ್ಡು ಬಾಗಿಲಿಗೆ ಬಂದ ಮೇಲೆ ಬೇಡ ಅನ್ನುವುದು ಯಾವ ಕೌನ್ಸಿಲರ್‌ಗೂ ಕಷ್ಟ, ಅರ್ಜಿಗೂ ಮೊದಲು ಕೇಳುವುದು ಸುಲಭ, ಅಲ್ವಾ?

ಪಕ್ಕದಲ್ಲೇ ಅಲಮೇಡಾ ಕೌಂಟಿಯಲ್ಲಿ ಇದೇ ದುಡ್ಡಿನಲ್ಲಿ 2007ರಿಂದ ಅರ್ಬನ್ ಶೀಲ್ಡ್ ಅನ್ನುವ ಪೊಲೀಸ್ ಕಸರತ್ತು ನಡೆಯುತ್ತಿತ್ತು, ಜೊತೆಗೆ ಶಸ್ತ್ರಾಸ್ತ್ರ ಕಂಪನಿಗಳ ಮಳಿಗೆ ಬೇರೆ. ವರ್ಷಗಟ್ಟಲೆ ವಿರೋಧ ನಡೆದು 2018ರಲ್ಲಿ ಕೌಂಟಿ ಮಂಡಳಿ ಅದನ್ನು ಆ ರೂಪದಲ್ಲಿ ನಿಲ್ಲಿಸಲು ಮತ ಹಾಕಿತು. 2021ರಲ್ಲಿ ಕ್ಯಾಲಿಫೋರ್ನಿಯಾ ಎಬಿ 481 ಕಾನೂನು ತಂದಿತು. ಪೊಲೀಸರು ಸೇನಾ ಮಾದರಿಯ ಉಪಕರಣಕ್ಕೆ ಅನುದಾನ ಕೇಳುವ ಮೊದಲೇ ಕೌನ್ಸಿಲ್ ಒಪ್ಪಿಗೆ ಪಡೆಯಬೇಕು, ವರ್ಷಕ್ಕೊಮ್ಮೆ ವರದಿ ಕೊಟ್ಟು ಸಾರ್ವಜನಿಕ ಸಭೆ ಕರೆಯಬೇಕು. ಬೇ ಏರಿಯಾದ ಫ್ರೀಮಾಂಟ್, ಸನಿವೇಲ್ ಕಡೆ ಇರುವ ನಮ್ಮ ಕನ್ನಡಿಗರೂ ಹೋಗಿ ಕೂರಬಹುದಾದ ಸಭೆ ಅದು.

2025ರಲ್ಲಿ ತಕರಾರು ಬೇರೆ ದಿಕ್ಕಿನಿಂದ ಬಂತು. ಈ ದುಡ್ಡು ಬೇಕಾದರೆ ವಲಸಿಗರನ್ನು ಹಿಡಿಯುವ ಕೆಲಸಕ್ಕೆ ಸಹಕರಿಸಬೇಕು ಎಂದು ಫೆಡರಲ್ ಸರ್ಕಾರ ಷರತ್ತು ಹಾಕಿತು. ಕ್ಯಾಲಿಫೋರ್ನಿಯಾ ಸೇರಿ ಹಲವು ರಾಜ್ಯಗಳು ಕೋರ್ಟಿಗೆ ಹೋದವು. ಸೆಪ್ಟೆಂಬರ್‌ನಲ್ಲಿ ರೋಡ್ ಐಲೆಂಡ್‌ನ ಫೆಡರಲ್ ನ್ಯಾಯಾಧೀಶರು ಆ ರಾಜ್ಯಗಳ ಮಟ್ಟಿಗೆ ಷರತ್ತು ಕಾನೂನುಬಾಹಿರ ಅಂದರು.